ಓದದೆ ತರಗತಿಗೆ ಹೋಗುವುದು ತಪ್ಪೇ?



ಕಾಲೇಜುಗಳು ಮತ್ತೆ ಶುರುವಾಗಿವೆ. ನಮ್ಮ ತಾಳವಾಡಿ ಸೀಮೆಯ ಮಕ್ಕಳಲ್ಲಿ ಕೆಲವರು ಗಡಿ ದಾಟಿ ಚಾಮರಾಜನಗರಕ್ಕೆ, ಕೆಲವರು ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲಕ್ಕೆ ಹೋಗುತ್ತಾರೆ. ಹೋದ ಭಾನುವಾರ ಬಲಿಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ಅವರನ್ನು ಮಾತನಾಡಿಸಿದೆವು. ನಾಳೆಯ ಪಾಠವನ್ನು ಇವತ್ತೇ ಒಮ್ಮೆ ನೋಡಿಕೊಂಡು ಹೋಗುತ್ತೀರಾ ಎಂದು ಕೇಳಿದರೆ ಎಲ್ಲರೂ ನಕ್ಕರು. "ಪಾಠ ಮಾಡೋದು ಮೇಷ್ಟ್ರ ಕೆಲಸ ಅಲ್ವಾ ಅಣ್ಣಾ, ನಾವೇ ಓದ್ಕೊಂಡು ಹೋದ್ರೆ ಅವರು ಯಾಕೆ?" ಎಂದ ಒಬ್ಬ ಹುಡುಗ.

ಮಾತು ತಮಾಷೆಯದಾದರೂ ಪ್ರಶ್ನೆ ಸಣ್ಣದಲ್ಲ. ಓದದೆ ಹೋದರೆ ಕೆಡುವುದು ನಮ್ಮ ಅಂಕ ಮಾತ್ರವೇ, ಬೇರೆ ಯಾರಿಗಾದರೂ ಅನ್ಯಾಯವಾಗುತ್ತದೆಯೇ?

ಆಗುತ್ತದೆ ಎಂದೇ ನಮ್ಮ ಎಣಿಕೆ. ಅರವತ್ತು ಮಂದಿ ಬರಿಗೈಯಲ್ಲಿ ಬಂದು ಕೂತರೆ ಅಧ್ಯಾಪಕರು ಪುಸ್ತಕದಲ್ಲಿ ಇರುವುದನ್ನೇ ಓದಿ ಹೇಳಬೇಕಾಗುತ್ತದೆ. ಗಂಟೆ ಅದರಲ್ಲೇ ಮುಗಿಯುತ್ತದೆ. ಪುಸ್ತಕದಲ್ಲಿ ಇಲ್ಲದ ಅವರ ಅನುಭವ ಅವರಲ್ಲೇ ಉಳಿಯುತ್ತದೆ. ಓದಿ ಬಂದ ಒಬ್ಬಳು ಪ್ರಶ್ನೆ ಕೇಳಿದರೆ, ಕೇಳಲು ನಾಚಿ ಕೂತ ಹತ್ತು ಮಂದಿಗೂ ಉತ್ತರ ಸಿಗುತ್ತದೆ. ಹನ್ನೆರಡು ವರ್ಷದ ಯೇಸುಸ್ವಾಮಿ ಮಹಾದೇವಾಲಯದಲ್ಲಿ ಬೋಧಕರ ನಡುವೆ ಕುಳಿತು ಅವರ ಮಾತು ಆಲಿಸುತ್ತಿದ್ದರು, ಪ್ರಶ್ನೆಗಳನ್ನೂ ಹಾಕುತ್ತಿದ್ದರು ಎಂದು ಸಂತ ಲೂಕರು ಬರೆಯುತ್ತಾರೆ.

ನಮ್ಮ ಮಕ್ಕಳಿಗೆ ಇದು ಇನ್ನೂ ಅಗತ್ಯ. ಶಾಲೆಯನ್ನು ಕನ್ನಡದಲ್ಲಿ ಓದಿ ಸತ್ಯಮಂಗಲಕ್ಕೆ ಇಳಿದ ಹುಡುಗಿಯೊಬ್ಬಳು ಹೇಳಿದಳು: "ಮೇಷ್ಟ್ರು ಇಂಗ್ಲಿಷ್‌ನಲ್ಲಿ ಹೇಳ್ತಾರೆ, ಅರ್ಥ ಆಗ್ಲಿಲ್ಲ ಅಂದ್ರೆ ತಮಿಳಲ್ಲಿ ಹೇಳ್ತಾರೆ. ನಾನು ಅದನ್ನ ಕನ್ನಡಕ್ಕೆ ತಂದ್ಕೊಳ್ಳೋ ಹೊತ್ತಿಗೆ ಬೋರ್ಡು ಒರೆಸಿರ್ತಾರೆ." ಈಗ ಅವಳು ರಾತ್ರಿ ನಾಳೆಯ ಪಾಠದ ನಾಲ್ಕು ಪುಟ ತೆಗೆದು, ಗೊತ್ತಿಲ್ಲದ ಪದಗಳ ಪಕ್ಕದಲ್ಲಿ ಕನ್ನಡ ಬರೆದುಕೊಳ್ಳುತ್ತಾಳೆ. ಏನು ಮಾಡಿದರೂ ಅರ್ಥವಾಗದ ಕಡೆ ಒಂದು ಪೆನ್ಸಿಲ್ ಗೆರೆ. ಮರುದಿನ ಆ ಗೆರೆ ಬಂದಾಗ ಕೈ ಎತ್ತುತ್ತಾಳೆ. ಅರ್ಧ ಗಂಟೆಯ ಕೆಲಸ. ಹಿಂದಿನ ಬೆಂಚಿನಿಂದ ಎರಡನೆಯ ಬೆಂಚಿಗೆ ಬಂದಿದ್ದಾಳೆ.

ವಿದ್ಯಾರ್ಥಿಗಳ ಪಾಲಕರಾದ ಸಂತ ತೋಮಸ್ ಅಕ್ವಿನಾಸರು ಓದಿನ ಶ್ರದ್ಧೆಯನ್ನು ಒಂದು ಸದ್ಗುಣವೆಂದೇ ಎಣಿಸಿ, ಅದನ್ನು ಸಂಯಮದ ಜೊತೆಗೆ ಸೇರಿಸಿದರು. ಸಂಯಮವೆಂದರೆ ಊಟ, ಕುಡಿತದ ಮಾತು ಎಂದು ನಾವು ತಿಳಿದಿದ್ದೇವೆ. ಆದರೆ ಮನಸ್ಸಿಗೆ ಕಂಡದ್ದೆಲ್ಲ ತಿಳಿಯಬೇಕೆಂಬ ಚಪಲವೂ ಇದೆ, ದೇಹಕ್ಕೆ ಕಲಿಯುವ ಶ್ರಮ ಬೇಡವೆಂಬ ಸೋಮಾರಿತನವೂ ಇದೆ. 13ನೇ ಶತಮಾನದಲ್ಲೇ ಅವರು ಎರಡನ್ನೂ ಗುರುತಿಸಿದ್ದರು. ಫೋನು ಹಿಡಿದು ಕೂತಾಗ ನಮಗೆ ಎರಡೂ ಒಟ್ಟಿಗೇ ಬರುತ್ತವೆ.

ಹತ್ತು ಕನ್ಯೆಯರ ಸಾಮತಿ ಕೇಳಿದಾಗಲೆಲ್ಲ, ಎಣ್ಣೆ ಕೊಡದ ಜಾಣೆಯರು ಜಿಪುಣಿಯರೆಂದು ನಮಗೆ ಅನಿಸುತ್ತಿತ್ತು. ಗೆಳೆಯರಿಗೆ ನೋಟ್ಸ್ ಕೊಡಬಹುದು, ಕೊಡಲೇಬೇಕು. ಹಿಂದಿನ ರಾತ್ರಿ ತಾನು ಓದಿದ್ದನ್ನು ಬೆಳಿಗ್ಗೆ ಬಸ್ಸಿನಲ್ಲಿ ಇನ್ನೊಬ್ಬನ ತಲೆಗೆ ತುಂಬುವುದು ಹೇಗೆ?

ಹಾಗೆಂದು, ಮುಂಜಾನೆ ಚೆಂಡು ಹೂ ಕಿತ್ತು, ದನಕ್ಕೆ ಮೇವು ಹಾಕಿ ಬಸ್ಸಿಗೆ ಓಡುವ ಮಕ್ಕಳಿಗೆ ಬರೀ ಉಪದೇಶ ಮಾಡಿದರೆ ತಪ್ಪು ನಮ್ಮದೇ ಆಗುತ್ತದೆ. ಆ ಅರ್ಧ ಗಂಟೆಯನ್ನು ಬಿಡಿಸಿ ಕೊಡಬೇಕಾದವರು ಮನೆಯ ದೊಡ್ಡವರು. ಟಿವಿ ಆರಿಸಬೇಕು, ಸಂಜೆಯ ಕೆಲಸದಲ್ಲಿ ಒಂದನ್ನು ನಾವೇ ಮಾಡಬೇಕು.

ಇನ್ನೊಂದು ಮಾತು, ಹೇಳಲು ಸ್ವಲ್ಪ ಮುಜುಗರ. ನಮ್ಮ ಉಪದೇಶವೆಲ್ಲ ಮುಗಿದ ಮೇಲೆ ಆ ಹುಡುಗ ಕೇಳಿದ: "ಭಾನುವಾರದ ವಾಚನಗಳನ್ನ ನೀವು ಮೊದಲೇ ಓದ್ಕೊಂಡು ಬರ್ತೀರಾ ಅಣ್ಣಾ?" ಈ ಸಲ ನಕ್ಕವರು ನಾವು. ಬರುವ ಶನಿವಾರ ರಾತ್ರಿ ಎಂಟಕ್ಕೆ ಅವನ ಮನೆಯಲ್ಲೇ ಕೂರುವುದೆಂದು ಮಾತಾಗಿದೆ. ಅವನು ಸೋಮವಾರದ ಪಾಠ ಓದುತ್ತಾನೆ, ನಾವು ಭಾನುವಾರದ ಶುಭಸಂದೇಶ.