ನಿನಗೆ ಬೈದಿದ್ದಲ್ಲ ಪುಟ್ಟಿ

ಮಲಾಡಿನ ನಮ್ಮ ಮನೆ ರೈಲು ಹಳಿಗೆ ಹತ್ತಿರ. ಲೋಕಲ್ ಎಷ್ಟೇ ಸದ್ದು ಮಾಡಿದರೂ ಏಳು ತಿಂಗಳ ಮಗಳಿಗೆ ಎಚ್ಚರವಾಗುತ್ತಿರಲಿಲ್ಲ. ಒಂದು ರಾತ್ರಿ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡೇ ಆಫೀಸಿನ ಕಾಲ್‌ನಲ್ಲಿದ್ದೆ. ತಂಡದ ಹುಡುಗನೊಬ್ಬನ ಮೇಲೆ ರೇಗಿದೆ. ನನ್ನನ್ನೇ ನೋಡುತ್ತಿದ್ದವಳು ಬೆಚ್ಚಿ, ತುಟಿ ಸೊಟ್ಟ ಮಾಡಿ, ಉಸಿರು ಕಟ್ಟಿದಂತೆ ಅತ್ತಳು. “ನಿನಗೆ ಬೈದಿದ್ದಲ್ಲ ಪುಟ್ಟಿ” ಎಂದೆ. “ಅದು ಅವಳಿಗೆ ಹೇಗೆ ಗೊತ್ತಾಗಬೇಕು ರೀ?” ಎಂದಳು ಹೆಂಡತಿ.

ಉದ್ದೇಶ ಕೆಟ್ಟದ್ದಲ್ಲದಿದ್ದರೆ ತಪ್ಪೂ ಇಲ್ಲವೇ? ದೊಡ್ಡವರ ನಡುವೆ ಈ ವಾದ ನಡೆದೀತು. ಕಾರಣ ತಿಳಿದ ಮೇಲೆ ಕ್ಷಮಿಸಬಹುದು. ಮಗುವಿಗೆ ಕಾರಣ ತಿಳಿಯದು, ಮುಖವಷ್ಟೇ ಕಾಣುತ್ತದೆ. 1920ರಲ್ಲಿ ಅಮೆರಿಕದ ವಾಟ್ಸನ್ ಮತ್ತು ರೇನರ್ ಒಂದು ಪ್ರಯೋಗವನ್ನು ಪ್ರಕಟಿಸಿದರು. ಆಲ್ಬರ್ಟ್ ಎಂದು ಅವರು ಕರೆದ 11 ತಿಂಗಳ ಮಗು ಬಿಳಿ ಇಲಿಯನ್ನು ಮುಟ್ಟಹೋದಾಗ, ಹಿಂದಿನಿಂದ ಉಕ್ಕಿನ ಸರಳಿಗೆ ಸುತ್ತಿಗೆಯಿಂದ ಬಡಿದರು. ಕೆಲವು ಸಲ ಹೀಗಾದ ಮೇಲೆ, ಸದ್ದಿಲ್ಲದಿದ್ದರೂ ಮಗು ಇಲಿಗೆ ಹೆದರಿತು. ಇಂದು ಯಾರೂ ಒಪ್ಪದ ಕ್ರೌರ್ಯ ಅದು. ಆ ರಾತ್ರಿ ನನ್ನ ಮಗಳ ಎದುರಿಗಿದ್ದದ್ದು ಇಲಿಯಲ್ಲ, ಅಪ್ಪನ ಮುಖ.

ಒಂದು ಕೂಗಿಗೆ ಮಗು ಹಾಳಾಗುವುದಿಲ್ಲ. ಎತ್ತಿ ತಟ್ಟಿದರೆ ಮಲಗುತ್ತದೆ. ನನ್ನನ್ನು ಕಾಡಿದ್ದು ಇನ್ನೊಂದು. ಆ ಹುಡುಗನೂ ಹೀಗೇ ಬೆಚ್ಚಿರಬೇಕು. ಅವನಿಗೆ ಅಳುವ ಅವಕಾಶ ಮಾತ್ರ ಇರಲಿಲ್ಲ. ಮರುದಿನ ಅವನಿಗೆ ಫೋನ್ ಮಾಡಿದೆ. ಮೆಲ್ಲಗೆ ಮಾತಾಡಿದೆ.