ಚಳಿಯಲ್ಲಿ ಹೊತ್ತಿಸಿದ ಬೆಂಕಿ

ಧ್ಯಾನಕ್ಕಾಗಿ: ಅಪೊಸ್ತಲರ ಕೃತ್ಯಗಳು 28:1-6



ಪೌಲನು ಸೆರೆಯವನಾಗಿ ರೋಮಾಪುರಕ್ಕೆ ಹೋಗುವಾಗ ಬಿರುಗಾಳಿಗೆ ಸಿಕ್ಕಿ ಹಡಗು ಒಡೆದುಹೋದದ್ದನ್ನೂ, ಅದರಲ್ಲಿದ್ದ 276 ಮಂದಿಯೂ ಮೆಲೀತೆ ಎಂಬ ದ್ವೀಪದ ದಡವನ್ನು ಸೇರಿದ್ದನ್ನೂ ನೀವು ಬಲ್ಲಿರಿ. ಆಗ ಮಳೆಯೂ ಚಳಿಯೂ ಇದ್ದವು. ಆ ದ್ವೀಪದವರು, ಇವರು ಯಾರೆಂದು ಅರಿಯದಿದ್ದರೂ, ಬೆಂಕಿ ಮಾಡಿ ಎಲ್ಲರನ್ನೂ ಹತ್ತಿರಕ್ಕೆ ಸೇರಿಸಿಕೊಂಡರು. ಪೌಲನೂ ಸುಮ್ಮನೆ ಕುಳಿತಿರದೆ ಕಟ್ಟಿಗೆಯನ್ನು ಕೂಡಿಸಿ ತಂದು ಹಾಕಿದನು. ಆದರೆ ಬೆಂಕಿಯ ಕಾವಿಗೆ ಆ ಕಟ್ಟಿಗೆಯೊಳಗಿಂದಲೇ ವಿಷಸರ್ಪವೊಂದು ಹೊರಟು ಅವನ ಕೈಯನ್ನು ಹಿಡಿಯಿತು.

ಈ ಚರಿತ್ರೆಯಲ್ಲಿ ಎರಡು ಪಾಠಗಳುಂಟು. ಚಳಿಯಲ್ಲಿ ನಡುಗುವವರಿಗೆ ಬೆಂಕಿಯು ದೇವರ ಉಪಕಾರವೇ. ಆದರೂ ಅದರೊಳಗೆ ಸರ್ಪವು ಅಡಗಿರಬಹುದು ಎಂಬದು ಒಂದು. ಆ ಬೆಂಕಿಯು ಒಬ್ಬನಿಗಾಗಿ ಉರಿಯತಕ್ಕದ್ದಲ್ಲ ಎಂಬದು ಇನ್ನೊಂದು.

ಇಂಥ ಬಿರುಗಾಳಿಯು ನಮ್ಮ ಕಾಲದಲ್ಲಿಯೂ ಬಂದದ್ದುಂಟು. 2021ನೆಯ ಇಸವಿ ಫೆಬ್ರವರಿ ತಿಂಗಳಲ್ಲಿ ಅಮೆರಿಕ ದೇಶದ ಟೆಕ್ಸಸ್ ಸಂಸ್ಥಾನದ ಮೇಲೆ ಹಿಮದ ಬಿರುಗಾಳಿ ಬೀಸಿತು. ಅದು ಬಿಸಿಲಿಗೆ ಹೆಸರಾದ ಸೀಮೆ. ಅಂಥಲ್ಲಿ ಡಲ್ಲಾಸ್ ನಗರದ ಶಾಖವು ಸೊನ್ನೆಗಿಂತ ಸುಮಾರು 19 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯಿತು. ಅನಿಲದ ಬಾವಿಗಳೂ ವಿದ್ಯುತ್ತನ್ನು ಹುಟ್ಟಿಸುವ ಯಂತ್ರಗಳೂ ಹೆಪ್ಪುಗಟ್ಟಿ ನಿಂತವು. 45 ಲಕ್ಷಕ್ಕೂ ಹೆಚ್ಚು ಮನೆ ಅಂಗಡಿಗಳಲ್ಲಿ ಕತ್ತಲೆಯಾಯಿತು. ಕೆಲವು ಕಡೆ ದಿನಗಟ್ಟಲೆ ವಿದ್ಯುತ್ತು ಬರಲಿಲ್ಲ. ಅನಿಲದಿಂದ ಕಾಯುವ ಮನೆಗಳೂ ತಣ್ಣಗಾದವು. ಯಾಕಂದರೆ ಬಿಸಿಗಾಳಿಯನ್ನು ಕೋಣೆಗಳಿಗೆ ತಳ್ಳುವ ಪಂಖವು ವಿದ್ಯುತ್ತಿಲ್ಲದೆ ತಿರುಗದು. ಸತ್ತವರು 246 ಮಂದಿ ಎಂದು ಆ ಸಂಸ್ಥಾನದ ಸರಕಾರವು ಲೆಕ್ಕ ಕೊಟ್ಟಿತು. ಅವರಲ್ಲಿ ಬಹುಮಂದಿ ಶೀತದಿಂದಲೇ ಸತ್ತರು. ನಮ್ಮ ನಾಡಿನಿಂದ ಹೋದ ಕನ್ನಡಿಗರೂ ಆ ಸೀಮೆಯ ಹ್ಯೂಸ್ಟನ್, ಡಲ್ಲಾಸ್, ಆಸ್ಟಿನ್ ಪಟ್ಟಣಗಳಲ್ಲಿ ನೆಲೆಸಿದ್ದಾರೆ.

ಆದರೆ ಶೀತಕ್ಕೆ ತಪ್ಪಿಸಿಕೊಂಡವರಲ್ಲಿ ಕೆಲವರು ಬೆಂಕಿಯಿಂದಲೇ ಸತ್ತರೆಂಬದನ್ನು ಕೇಳಿರಿ. ನಡುಗುವ ಮಕ್ಕಳನ್ನು ನೋಡಿ ತಾಳಲಾರದೆ ಜನರು ಇದ್ದಲಿನ ಒಲೆಯನ್ನು ಮುಚ್ಚಿದ ಮನೆಯೊಳಗೆ ಹೊತ್ತಿಸಿದರು. ಕೆಲವರು ಮನೆಗೆ ಸೇರಿದ ಗ್ಯಾರೇಜಿನಲ್ಲಿ ಕಾರಿನ ಯಂತ್ರವನ್ನು ಓಡಿಸಿದರು. ಇದ್ದಲಾಗಲಿ ಎಣ್ಣೆಯಾಗಲಿ ಸಾಕಷ್ಟು ಗಾಳಿಯಿಲ್ಲದೆ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷವಾಯು ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಅದು ಪ್ರಾಣವಾಯುವಿಗಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ರಕ್ತವನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ತಲೆ ತಿರುಗುವದು, ಓಕರಿಕೆ. ನಿದ್ರೆಯಲ್ಲಿರುವವನಿಗಾದರೋ ಇವೂ ತಿಳಿಯುವದಿಲ್ಲ. ಮೆಲೀತೆಯ ಸರ್ಪವು ಕಣ್ಣಿಗೆ ಕಂಡಿತು. ಈ ಸರ್ಪವು ಕಾಣುವದಿಲ್ಲ. ಆ ತಂದೆತಾಯಿಗಳಿಗೆ ಪ್ರೀತಿ ಕಡಿಮೆಯಾಗಿರಲಿಲ್ಲ; ತಿಳಿವಳಿಕೆಯೊಂದೇ ಸಾಲದೆ ಹೋಯಿತು.

ಪೌಲನು ಸರ್ಪವನ್ನು ಝಾಡಿಸಿ ಹಾನಿಯಿಲ್ಲದೆ ಉಳಿದನಲ್ಲಾ, ದೇವರು ನಮ್ಮನ್ನೂ ಕಾಯನೇ ಎಂದು ಯಾರಾದರೂ ಕೇಳಾರು. ಪೌಲನು ಸರ್ಪವನ್ನು ತಿಳಿದು ತಿಳಿದು ಕೈಗೆತ್ತಿಕೊಳ್ಳಲಿಲ್ಲ. ದೇವಾಲಯದ ಶಿಖರದಿಂದ ಕೆಳಗೆ ಹಾರೆಂದು ಸೈತಾನನು ಹೇಳಿದಾಗ ನಮ್ಮ ಕರ್ತನು ಒಪ್ಪಿದನೋ? ದೇವರನ್ನು ನಂಬುವದು ಬೇರೆ, ಪರೀಕ್ಷಿಸುವದು ಬೇರೆ. ಪ್ರಾರ್ಥಿಸಿ ಮಲಗುವವನು ಮೊದಲು ಕೆಂಡವನ್ನು ಹೊರಗಿಟ್ಟು ಮಲಗಲಿ.

ಹಾಗಾದರೆ ಮಾಡತಕ್ಕದ್ದೇನು? ಮನೆಯವರೆಲ್ಲರೂ ಒಂದೇ ಸಣ್ಣ ಕೋಣೆಯಲ್ಲಿ ಸೇರಿರಿ. ಮೈಶಾಖವೇ ಒಬ್ಬರಿಗೊಬ್ಬರು ಕೊಡುವ ಕಾವು. ಬಾಗಿಲಿನ ಕೆಳಗಣ ಸಂದಿಗೆ ಬಟ್ಟೆ ಸುತ್ತಿ ಇಡಿರಿ. ರಾತ್ರಿಯಲ್ಲಿ ಕಿಟಕಿಗೆ ಕಂಬಳಿ ತೂಗಹಾಕಿರಿ. ದಪ್ಪನೆಯ ಒಂದು ಅಂಗಿಗಿಂತ ಒಂದರ ಮೇಲೊಂದು ತೊಟ್ಟ ಅಂಗಿಗಳು ಹೆಚ್ಚು ಕಾವು ಕೊಡುತ್ತವೆ. ತಲೆ, ಕೈ, ಕಾಲುಗಳನ್ನು ಮುಚ್ಚಿರಿ. ಆದರೆ ಇಂಥ ಮುಚ್ಚಿದ ಕೋಣೆಯೊಳಗೆ ಇದ್ದಲನ್ನೂ ಅಡಿಗೆಯ ಅನಿಲದ ಒಲೆಯನ್ನೂ ಎಂದಿಗೂ ಹೊತ್ತಿಸಬೇಡಿರಿ. ಜನರೇಟರು ಇದ್ದರೆ ಅದು ಮನೆಯಿಂದ 20 ಅಡಿಯಾದರೂ ದೂರದಲ್ಲಿ, ಬಯಲಿನಲ್ಲಿ, ಅದರ ಹೊಗೆಯು ಮನೆಯ ಕಡೆಗೆ ಬಾರದಂತೆ ಇರಲಿ. ಈ ವಾಯುವನ್ನು ಕಂಡುಹಿಡಿದು ಕೂಗುವ ಸಣ್ಣ ಯಂತ್ರಗಳುಂಟು. ಬ್ಯಾಟರಿಯಿಂದ ನಡೆಯುವಂಥದನ್ನು ಇಟ್ಟುಕೊಳ್ಳುವದು ಒಳ್ಳೇದು. ಮನೆಯಲ್ಲಿ ಹಲವರಿಗೆ ಒಮ್ಮೆಲೇ ತಲೆನೋವು ಬಂದರೆ ತಡಮಾಡದೆ ಎಲ್ಲರನ್ನೂ ಬಯಲಿಗೆ ಕರಕೊಂಡು ಹೋಗಿ ವೈದ್ಯರ ಸಹಾಯವನ್ನು ಬೇಡಿರಿ.

ಇದು ದೂರದೇಶದ ಮಾತೆಂದು ಎಣಿಸಬೇಡಿರಿ. ಕೊಡಗಿನಲ್ಲಿಯೂ ಮಲೆನಾಡಿನಲ್ಲಿಯೂ ಮಳೆಗಾಲದ ಗಾಳಿಗೆ ಮರಗಳು ತಂತಿಯ ಮೇಲೆ ಬಿದ್ದು ಕತ್ತಲಾಗುವದು ಪ್ರತಿ ವರುಷದ ಅನುಭವ. ಆಗ ಅಗ್ಗಿಷ್ಟಿಕೆಯೇ ಗತಿ. ನಮ್ಮ ಹಿರಿಯರ ಹೆಂಚಿನ ಮನೆಗಳಲ್ಲಿ ಹೆಂಚುಗಳ ಸಂದಿನಿಂದ ಹೊಗೆಯೂ ವಾಯುವೂ ಹೊರಗೆ ಹೋಗುತ್ತಿದ್ದವು. ಈಗಿನ ಕಾಂಕ್ರೀಟು ಮಾಡಿಗೂ ಗಾಜಿನ ಕಿಟಕಿಗಳಿಗೂ ಅಂಥ ಸಂದುಗಳಿಲ್ಲ. ಅಜ್ಜಿಯನ್ನು ಕಾಯಿಸಿದ ಕೆಂಡವೇ ಮುಚ್ಚಿದ ಕೋಣೆಯಲ್ಲಿ ಮೊಮ್ಮಗುವನ್ನು ಕೊಲ್ಲಬಹುದು.

ಇನ್ನು ಎರಡನೆಯ ಪಾಠ. ಟೆಕ್ಸಸಿನ ಆ ದಿನಗಳಲ್ಲಿ ಹ್ಯೂಸ್ಟನ್ ಪಟ್ಟಣದ ಪೀಠೋಪಕರಣಗಳ ವರ್ತಕರಾದ ಜಿಮ್ ಮ್ಯಾಕಿಂಗ್ವೇಲ್ ಎಂಬವರು ತಮ್ಮ ಅಂಗಡಿಗಳ ಬಾಗಿಲನ್ನು ತೆರೆದು, ಬಂದವರಿಗೆಲ್ಲಾ ಬೆಚ್ಚನೆಯ ಸ್ಥಳವನ್ನೂ ಊಟವನ್ನೂ ಕೊಟ್ಟರು. ಮೆಲೀತೆಯವರು ಮಾಡಿದ್ದೂ ಇದೇ ಅಲ್ಲವೇ? ಬಟ್ಟೆಯಿಲ್ಲದವನಿಗೆ ಬಾಯಿಮಾತಿನ ಹಾರೈಕೆಯನ್ನು ಮಾತ್ರ ಕೊಟ್ಟು ಕಳುಹಿಸುವವನ ನಂಬಿಕೆಯು ಎಂಥದೆಂದು ಯಾಕೋಬನು ತನ್ನ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ ಕೇಳುತ್ತಾನೆ. ಶೀತವು ಮೊದಲು ಹಿಡಿಯುವದು ಮುದುಕರನ್ನೂ ಎಳೆಗೂಸುಗಳನ್ನೂ ರೋಗಿಗಳನ್ನೂ ಆಗಿದೆ. ಒಂಟಿಯಾಗಿರುವ ಮುದುಕಿಗೆ ಚಳಿಯು ಮೈಗೇರಿದಾಗ ಬುದ್ಧಿ ಮಂಕಾಗಿ ಕೂಗಿ ಕರೆಯುವ ಶಕ್ತಿಯೂ ಉಳಿಯುವದಿಲ್ಲ. ಆದಕಾರಣ ಅವಳು ಕರೆಯುವ ತನಕ ಕಾಯಬೇಡಿರಿ.

ಪ್ರಿಯರೇ, ಮುಂದಿನ ಗಾಳಿಮಳೆಯಲ್ಲಿ ದೀಪ ಆರಿದಾಗ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ: ನನ್ನ ಬೆಂಕಿಯ ಉಸಿರು ಹೊರಗೆ ಹೋಗಲು ದಾರಿಯುಂಟೋ? ನನ್ನ ನೆರೆಯವನು ಒಳಗೆ ಬರಲು ಬಾಗಿಲು ತೆರೆದಿದೆಯೋ? ಈ ಎರಡಕ್ಕೂ ಹೌದೆನ್ನಬಲ್ಲ ಮನೆಯನ್ನು ಕರ್ತನು ನಮ್ಮೆಲ್ಲರಿಗೂ ಅನುಗ್ರಹಿಸಲಿ. ಆಮೆನ್.