ಲುದ್ಯಳ ಮನೆಯ ಬಾಗಿಲು

ಓದತಕ್ಕ ಭಾಗ: ಅಪೊಸ್ತಲರ ಕೃತ್ಯಗಳು ೧೬ನೆಯ ಅಧ್ಯಾಯ, ೯ರಿಂದ ೧೫ನೆಯ ವಚನಗಳು

ಶಿಕಾರಿಪುರ ಸೀಮೆಯ ನಮ್ಮ ಒಂದು ಚಿಕ್ಕ ಸಭೆಗೆ ಸೇರಿದ ಯೌವನಸ್ಥನೊಬ್ಬನು ಪಶ್ಚಿಮ ಆಫ್ರಿಕದ ಘಾನಾ ದೇಶದಲ್ಲಿ, ಒಂದು ಹಳ್ಳಿಯ ಶಾಲೆಯಲ್ಲಿ ಎರಡು ವರುಷ ಗಣಿತ ಕಲಿಸುವದಕ್ಕಾಗಿ ತನ್ನನ್ನು ಒಪ್ಪಿಸಿಕೊಟ್ಟಿದ್ದಾನೆ. ಸಂಬಳವಿಲ್ಲ, ಊಟ ವಸತಿಗೆ ಸಾಕಾಗುವಷ್ಟು ದೊರೆಯುವದು. ನಾವು ಅವನ ಮನೆಗೆ ಪ್ರಾರ್ಥನೆಗೆ ಹೋದಾಗ, ಸೊರಬದ ಹೆಣ್ಣುಮಗಳಾದ ಅವನ ತಾಯಿಯು ಕಣ್ಣೊರಸಿಕೊಳ್ಳುತ್ತಾ, "ಅಯ್ಯನವರೇ, ನಮ್ಮೂರ ಶಾಲೆಗೇ ಲೆಕ್ಕದ ಮೇಷ್ಟ್ರಿಲ್ಲ. ಇಲ್ಲೇ ಕಲಿಸಿದರೆ ದೇವರು ಬೇಡ ಅನ್ನುತ್ತಾನಾ?" ಎಂದು ಕೇಳಿದರು. ಆ ದಿನ ನಮಗೆ ಉತ್ತರ ಹೊಳೆಯಲಿಲ್ಲ. ಪ್ರಾರ್ಥನೆ ಮಾಡಿ ಎದ್ದು ಬಂದೆವು.

ಆ ಮೇಲೆ ಈ ಭಾಗವನ್ನು ತಿರಿಗಿ ಓದಿದೆವು. ಪೌಲನು ತ್ರೋವದಲ್ಲಿದ್ದಾಗ ರಾತ್ರಿಯ ದರ್ಶನದಲ್ಲಿ ಮಕೆದೋನ್ಯದ ಒಬ್ಬ ಮನುಷ್ಯನು ನಿಂತು, ಸಮುದ್ರ ದಾಟಿ ಬಂದು ತಮಗೆ ನೆರವಾಗಬೇಕೆಂದು ಬೇಡಿಕೊಂಡನು. ಈ ವಚನದ ಮೇಲೆ ಪ್ರಸಂಗಗಳನ್ನು ಬಹಳ ಕೇಳಿದ್ದೇವೆ, ನಾವೂ ಮಾಡಿದ್ದೇವೆ. ಆದರೆ ಹದಿನೈದನೆಯ ವಚನದ ವರೆಗೆ ಹೋಗುವವರು ಕಡಿಮೆ. ಅಲ್ಲಿ ನಡೆದದ್ದೇನು? ಫಿಲಿಪ್ಪಿಯಲ್ಲಿ ಆ ದರ್ಶನದ ಪುರುಷನು ಅವರನ್ನು ಎದುರುಗೊಂಡನೆಂದು ಬರೆದಿಲ್ಲ. ನದೀತೀರದಲ್ಲಿ ಕೆಲವು ಸ್ತ್ರೀಯರು ಕೂಡಿದ್ದರು. ಅವರೊಳಗೆ ಥುವತೈರದಿಂದ ಬಂದ, ತಾನೇ ಪರಸ್ಥಳದವಳಾದ, ಬಟ್ಟೆಯ ವ್ಯಾಪಾರದ ಲುದ್ಯಳು ಅವರನ್ನು ಬಲವಂತಮಾಡಿ ತನ್ನ ಮನೆಗೆ ಕರೆದುಕೊಂಡು ಹೋದಳು. ಸಹಾಯಮಾಡ ಬಂದವರು ಪರರ ಮನೆಯ ಅನ್ನ ಉಂಡು, ಪರರ ಚಾಪೆಯ ಮೇಲೆ ಮಲಗುವವರಾದರು.

ಅತಿಥಿಗೆ ಬಾಗಿಲು ತೆರೆಯುವದು ನಮ್ಮ ಸೀಮೆಗೆ ಹೊಸದಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಕೋಡಿಮಠದ ೧೧೬೨ರ ಶಾಸನವು, ಅಲ್ಲಿ ವಿದ್ಯೆ ಕಲಿಸುತ್ತಿದ್ದದ್ದನ್ನೂ, ದೀನರಿಗೂ ಕುಂಟರಿಗೂ ಕುರುಡರಿಗೂ ನಾನಾ ದೇಶದ ಭಿಕ್ಷುಕರಿಗೂ ಅನ್ನ ಕೊಡುತ್ತಿದ್ದದ್ದನ್ನೂ, ರೋಗಿಗಳಿಗೆ ಔಷಧ ಮಾಡುತ್ತಿದ್ದದ್ದನ್ನೂ ಹೇಳುತ್ತದೆ. ಅದು ನಮ್ಮ ಮತದವರ ಕೆಲಸವಲ್ಲ. ಒಳ್ಳೆಯದನ್ನು ಒಳ್ಳೆಯದೆನ್ನಲು ನಾವು ಯಾಕೆ ಹಿಂಜರಿಯಬೇಕು?

ಈಗ ಆ ಯೌವನಸ್ಥನು ಹೋಗಲಿರುವ ದೇಶದ ಕಡೆಗೆ ನೋಡೋಣ. ೧೮೩೪ರಲ್ಲಿ ಮಂಗಳೂರಿಗೆ ಬೋಧಕರನ್ನು ಕಳುಹಿಸಿದ ಬಾಸೆಲ್ ಮಿಶನ್, ಅದಕ್ಕಿಂತ ಆರು ವರುಷ ಮುಂಚೆಯೇ, ಆಗ ಗೋಲ್ಡ್ ಕೋಸ್ಟ್ ಎನಿಸಿಕೊಂಡಿದ್ದ ಘಾನಾಕ್ಕೆ ನಾಲ್ವರನ್ನು ಕಳುಹಿಸಿತು. ಒಂದು ವರುಷ ತುಂಬುವದರೊಳಗೆ ಮೂವರು ಸತ್ತರು. ೧೮೩೧ರಲ್ಲಿ ನಾಲ್ಕನೆಯವನೂ ತೀರಿಹೋದನು. ೧೮೩೨ರಲ್ಲಿ ಇನ್ನೂ ಮೂವರು ಹೋದರು. ಇಬ್ಬರು ಬೇಗನೆ ಮಣ್ಣಾದರು. ಉಳಿದ ಅಂದ್ರೆಯಾಸ್ ರೀಸ್ ಎಂಬಾತನೂ ಜ್ವರದಿಂದ ಸಾಯುವ ಹಾಗಿದ್ದಾಗ ಬದುಕಿಸಿದವನು ಯಾರು? ಆ ದೇಶದ ಒಬ್ಬ ನಾಟಿ ವೈದ್ಯನು. ಕಲಿಸ ಬಂದವನು ಕಲಿಯಬೇಕಾದವರ ಕೈಯಿಂದ ಪ್ರಾಣವನ್ನು ಪಡಕೊಂಡನು. ೧೮೩೫ರಲ್ಲಿ ಅವನು ಗುಡ್ಡದ ಮೇಲಿನ ಆಕ್ರೊಪಾಂಗಿಗೆ ಹೋದಾಗ ಅಲ್ಲಿನ ಅರಸನು ಅವನನ್ನು ಸೇರಿಸಿಕೊಂಡನು. ಆದರೆ ಓದುಬರಹವನ್ನು ದೇವರು ಬಿಳಿಯರಿಗಾಗಿಯೇ ಇಟ್ಟಂತೆ ತೋರುತ್ತದೆ, ಪುಸ್ತಕ ಓದಬಲ್ಲ ಕರಿಯರನ್ನು ತೋರಿಸಿದರೆ ನಂಬುವೆವು ಎಂಬ ಅರ್ಥದ ಮಾತನ್ನು ಆ ಅರಸನು ಹೇಳಿದನೆಂದು ಅಲ್ಲಿನ ಸಭೆಯವರು ಇಂದಿಗೂ ಹೇಳಿಕೊಳ್ಳುತ್ತಾರೆ.

ಆದಕಾರಣ ೧೮೪೩ರಲ್ಲಿ ಜಮೈಕ ದ್ವೀಪದಿಂದ ಸುಮಾರು ೨೪ ಮಂದಿ ಕ್ರೈಸ್ತರು ಅಲ್ಲಿಗೆ ಬಂದರು. ಇವರು ದಾಸರಾಗಿ ಮಾರಲ್ಪಟ್ಟ ಆಫ್ರಿಕದವರ ಸಂತಾನ. ಪಿತೃಗಳು ಸಂಕೋಲೆಯಲ್ಲಿ ದಾಟಿದ ಸಮುದ್ರವನ್ನು ಮಕ್ಕಳು ಸ್ವತಂತ್ರರಾಗಿ ತಿರಿಗಿ ದಾಟಿದರು. ಎಲ್ಲವೂ ನೆಟ್ಟಗೆ ನಡೆಯಲಿಲ್ಲ; ಮನಸ್ತಾಪಗಳಾದವು, ಕೆಲವರು ಹಿಂದಿರುಗಿದರು. ನಿಂತವರು ಶಾಲೆಗಳಲ್ಲಿಯೂ ಹೊಲಗಳಲ್ಲಿಯೂ ದುಡಿದರು. ಅವರು ತಂದ ಗಿಡಗಳಲ್ಲಿ ಮಾವೂ ಒಂದು. ನಮ್ಮ ದೇಶದ ಮೂಲದ ಈ ಮಾವು ೧೭೮೨ರಲ್ಲಿ ಜಮೈಕವನ್ನು ಮುಟ್ಟಿತ್ತು.

೧೮೫೩ರಲ್ಲಿ ಬಾಸೆಲಿನಿಂದ ಕಿಟ್ಟೆಲರು ಕನ್ನಡ ಸೀಮೆಗೆ ಬಂದರು. ಅದೇ ವರುಷ ಕ್ರಿಸ್ಟಾಲರ್ ಎಂಬವರು ಘಾನಾ ಸೀಮೆಗೆ ಹೋದರು. ಕಿಟ್ಟೆಲರ ನಿಘಂಟು ೧೮೯೪ರಲ್ಲಿ ಹೊರಟದ್ದನ್ನು ನೀವು ಬಲ್ಲಿರಿ. ಕ್ರಿಸ್ಟಾಲರರು ಆ ಜನರ ಟ್ವಿ ಭಾಷೆಯ ನಿಘಂಟನ್ನು ೧೮೮೧ರಲ್ಲಿ ಹೊರಡಿಸಿದರು. ಅದಕ್ಕೆ ಮೊದಲು ೩,೬೦೦ ಗಾದೆಗಳನ್ನು ಕೂಡಿಸಿ ಅಚ್ಚುಹಾಕಿಸಿದ್ದರು. ಯಾರಿಂದ ಕೇಳಿ ಕೂಡಿಸಿದರು? ಮುದುಕರಿಂದ, ತಾಯಂದಿರಿಂದ, ಶಾಲೆಯ ಹುಡುಗರಿಂದಲೇ ಅಲ್ಲವೇ? ಇನ್ನೊಂದು ಸಂಗತಿ. ಮಿಶನಿನವರು ನೆಟ್ಟ ಕೋಕೋ ಸಸಿಗಳು ಬಹಳವಾಗಿ ಸತ್ತವು. ಅವರ ಕಾರ್ಖಾನೆಯಲ್ಲಿ ಕಮ್ಮಾರಿಕೆ ಕಲಿತ ಟೆಟೆ ಕ್ವಾರ್ಶಿ ಎಂಬ ಆಫ್ರಿಕದವನು ೧೮೭೯ರಲ್ಲಿ ಬೇರೆ ದ್ವೀಪದಿಂದ ಬೀಜ ತಂದು ನೆಟ್ಟದ್ದು ಬೆಳೆಯಿತು; ೧೯೧೧ರ ವೇಳೆಗೆ ಲೋಕದಲ್ಲಿ ಎಲ್ಲರಿಗಿಂತ ಹೆಚ್ಚು ಕೋಕೋ ಕಳುಹಿಸುವ ದೇಶ ಅದೇ ಆಯಿತು.

೧೯೫೭ರಲ್ಲಿ ಸ್ವತಂತ್ರವಾದ ಘಾನಾ ದೇಶವು ಶಾಲೆಗಳಿಗೆ ಉಪಾಧ್ಯಾಯರು ಸಾಲದೆ ಹೊರದೇಶದವರನ್ನು ಕೇಳಿಕೊಂಡಿತು; ೧೯೬೧ರಲ್ಲಿ ಅಮೇರಿಕದ ಶಾಂತಿದಳದ ಮೊದಲನೆಯ ಉಪಾಧ್ಯಾಯರು ಅಲ್ಲಿಗೆ ಬಂದರು. ಅದೇ ವರುಷದಿಂದ ೧೯೭೬ರ ವರೆಗೆ ಆ ದಳದವರು ನಮ್ಮ ದೇಶದಲ್ಲಿಯೂ ಇದ್ದರು. ಕರೆದಾಗ ಬಂದರು, ಕರೆದವರು ಸಾಕೆಂದಾಗ ಹೋದರು.

ಹಾಗಾದರೆ ಆ ತಾಯಿಯ ಪ್ರಶ್ನೆಗೆ ಏನು ಹೇಳೋಣ? ಅದು ನ್ಯಾಯವಾದ ಪ್ರಶ್ನೆ. ಅದನ್ನು ಭಕ್ತಿಯ ಮಾತಿನಿಂದ ಮುಚ್ಚಬಾರದು. ಬಾಸೆಲ್ ಮಿಶನ್ ೧೮೧೫ರಲ್ಲಿ ಹುಟ್ಟಿತು. ಮರುವರುಷವೇ, ಅದರ ಬೋಧಕರಲ್ಲಿ ಬಹುಮಂದಿ ಬಂದ ವುರ್ಟೆಂಬರ್ಗ್ ಸೀಮೆಯಲ್ಲಿ ಬೆಳೆ ಕೆಟ್ಟು ಘೋರ ಕ್ಷಾಮ ಬಂತು. ಅಲ್ಲಿನ ತಾಯಂದಿರೂ ಇದೇ ಮಾತನ್ನು ಕೇಳಿರಬೇಕು. ಮಗನು ಹೋಗಬಹುದೆಂದು ನಾವು ಹೇಳುತ್ತೇವೆ. ಆದರೆ ಅವನು ಬಿಟ್ಟುಹೋಗುವ ಸ್ಥಳವು ಬರಿದಾಗಿ ಉಳಿದರೆ ಆ ದೋಷವು ನಮ್ಮದು, ಅವನದಲ್ಲ. ಸಭೆಯಲ್ಲಿ ಕೆಲಸದಿಂದ ಬಿಡುವಾದ ಉಪಾಧ್ಯಾಯರು ಇಬ್ಬರಿದ್ದಾರೆ. ಅವರನ್ನು ಕೇಳಿದೆವು. ಒಬ್ಬರು ಶನಿವಾರ ಮಧ್ಯಾಹ್ನ ಊರ ಮಕ್ಕಳಿಗೆ ಲೆಕ್ಕ ಹೇಳಿಕೊಡಲು ಒಪ್ಪಿದ್ದಾರೆ. ಮತ್ತೊಬ್ಬರು ಮೊಣಕಾಲು ನೋವೆಂದರು. ಅವರನ್ನು ತಿರಿಗಿ ಕೇಳುವೆವು.

ಮಗನಿಗೆ ನಾವು ಹೇಳಿದ್ದು ಇಷ್ಟೇ: ಮೊದಲನೆಯ ಆರು ತಿಂಗಳು ಅವರು ಕೊಟ್ಟದ್ದನ್ನು ಉಣ್ಣು, ಅವರ ಮಾತು ಕಲಿ, ತಪ್ಪಾಗಿ ಆಡಿದರೆ ನಗಲಿ.

ತಾಯಿಯು ಈಗಲೂ ಅಳುತ್ತಾರೆ. ಆದರೂ ತವರಿನಿಂದ ಅಪ್ಪೆಮಿಡಿ ತರಿಸಿ, ಉಪ್ಪಿನಕಾಯಿ ಹಾಕಿ, ಭರಣಿಯ ಬಾಯಿಗೆ ಬಟ್ಟೆ ಕಟ್ಟಿ ಇಟ್ಟಿದ್ದಾರೆ. ಆಕ್ರೊಪಾಂಗಿಗೆ ಹೋದ ಮಾವಿನ ಸಂಗತಿಯನ್ನು ನಾವು ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಅಲ್ಲಿಯೂ ಮಿಡಿ ಸಿಗುತ್ತದೋ, ಅಯ್ಯನವರೇ?" ಎಂದು ಕೇಳಿದರು.